ಮುಂದಿನ ಬಾಂಡ್ ಯಾರಾದ್ರೆ ನಿಮಗೇನ್ರಿ?

ನಿನ್ನೆ ರಾತ್ರಿ ಮತ್ತೊಂದು ವಿಡಿಯೊ ಬಂತು. ‘ಹೊಸ ಜೇಮ್ಸ್ ಬಾಂಡ್ ಫಿಕ್ಸ್!’ ಕೆಂಪು ಬಾಣ, ಕಪ್ಪು ಕೋಟು, ಮುಖದ ಜಾಗದಲ್ಲಿ ದೊಡ್ಡ ಪ್ರಶ್ನೆ ಗುರುತು. ಫಿಕ್ಸ್ ಆಗಿದ್ದರೆ ಪ್ರಶ್ನೆ ಗುರುತು ಯಾಕೆ ಸ್ವಾಮಿ? ಅಷ್ಟು ಹೊತ್ತು ಕೊರೆದು ಕೊನೆಗೆ, ‘ನಿಮ್ಮ ಆಯ್ಕೆ ಯಾರು, ಕಾಮೆಂಟ್ ಮಾಡಿ’ ಅಂತೆ!

2021ರ ಸಿನಿಮಾದಲ್ಲಿ ನಟ ಡೇನಿಯಲ್ ಕ್ರೇಗ್‌ನ ಬಾಂಡ್ ಕ್ಷಿಪಣಿಗೆ ಸಿಕ್ಕಿ ಸತ್ತ. ಅವತ್ತಿನಿಂದ ಅಭಿಮಾನಿಗಳ ಈ ವರಾನ್ವೇಷಣೆ ಮುಗಿದೇ ಇಲ್ಲ. ಇವನು ಕುಳ್ಳ, ಅವನಿಗೆ ವಯಸ್ಸು ಜಾಸ್ತಿ, ಇನ್ನೊಬ್ಬ ಆಗಲೇ ಸೂಪರ್‌ಮ್ಯಾನ್ ಆಗಿಬಿಟ್ಟಿದ್ದಾನೆ. ನಟ ಇದ್ರಿಸ್ ಎಲ್ಬಾ ಹೆಸರನ್ನು ಎಷ್ಟು ವರ್ಷ ಜಗಿದರೋ, ಪಾಪ, ಅವರಿಗೆ ಐವತ್ತೇ ದಾಟಿತು.

ಇನ್ನು ಬ್ರಿಟನ್ನಿನ ಬುಕ್ಕಿಗಳು. ಅವರು ಒಂದು ಹೆಸರಿನ ಬಾಜಿ ದರ ಅಲ್ಲಾಡಿಸಿದರೆ ಸಾಕು, ಈ ಅಭಿಮಾನಿಗಳಿಗೆ ಅದೇ ‘ಒಳಗಿನ ಸುದ್ದಿ’. 2025ರಲ್ಲಿ ಸರಣಿಯ ಹಿಡಿತ ಅಮೆಜಾನ್ ಕೈಗೆ ಹೋದಾಗ ‘ಎಲ್ಲಾ ಮುಗೀತು’ ಅಂತ ಎದೆ ಬಡಿದುಕೊಂಡರು. ‘ಡ್ಯೂನ್’ ಸಿನಿಮಾದ ಡೆನಿ ವಿಲ್ನೂವ್ ನಿರ್ದೇಶಕ ಅಂದ ತಕ್ಷಣ ‘ಬಾಂಡ್ ಬದುಕಿದ’ ಅಂತ ಕುಣಿದರು. ಅಷ್ಟರಲ್ಲಿ ಒಂದು ಶಾಟ್ ಆದರೂ ತೆಗೆದಿದ್ರಾ?

ಕ್ರೇಗ್ ಬಂದಾಗ ಕೂದಲು ಹೊಂಬಣ್ಣ ಅಂತ ಸಿನಿಮಾ ಬಹಿಷ್ಕರಿಸಲು ಹೊರಟಿದ್ದೂ ಅಭಿಮಾನಿಗಳೇ ಅಲ್ವಾ? ಈಗ ನೋಡಿದರೆ ಅವನಂಥವನು ಇನ್ನೊಬ್ಬ ಹುಟ್ಟಲ್ಲವಂತೆ.

ಸತ್ತವನು ವಾಪಸ್ ಹೇಗೆ ಬರ್ತಾನೆ ಅನ್ನೋದಕ್ಕೂ ಇವರ ಹತ್ತಿರ ಥಿಯರಿ ಇದೆ. ಬಾಂಡ್ ಅನ್ನೋದು ಮನುಷ್ಯನ ಹೆಸರೇ ಅಲ್ಲ, ಬರೀ ಹುದ್ದೆಯಂತೆ. ಆಹಾ! 1962ರ ಮೊದಲ ಸಿನಿಮಾದಿಂದ ಬಾಂಡ್‌ನ ಮುಖ ಬದಲಾಗ್ತಾನೇ ಇದೆ, ಯಾರಾದ್ರೂ ಆಧಾರ್ ಕಾರ್ಡ್ ಕೇಳಿದ್ರಾ?