ಕೊಕ್ಕೋ ತೋಟದ ಮನೆಯವಳು ಚೀಸಿಗೆ ಓಟು ಹಾಕಿದ ಕತೆ

ಕಳೆದ ಭಾನುವಾರ ನಮ್ಮ ಮನೆಯಲ್ಲಿ ಜಗಳ ಹತ್ತಿದ್ದು ಅಕ್ಕಿ ರೊಟ್ಟಿಯ ವಿಷಯಕ್ಕೆ. ಮಗ ಬಿಸಿ ರೊಟ್ಟಿಯ ಮೇಲೆ ಚೀಸ್ ಸ್ಲೈಸ್ ಇಟ್ಟುಕೊಂಡ. ಮಗಳು ಅದೇ ಹಿಟ್ಟಿನ ರೊಟ್ಟಿಗೆ ಚಾಕೊಲೇಟ್ ಸ್ಪ್ರೆಡ್ ಸವರಿದಳು. ಈರುಳ್ಳಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸು ಎಲ್ಲ ಇದ್ದ ರೊಟ್ಟಿ ಅದು! ಆಮೇಲೆ ಇಬ್ಬರೂ ನನ್ನ ಹತ್ತಿರ ನ್ಯಾಯಕ್ಕೆ ಬಂದರು. ಎರಡರಲ್ಲಿ ಯಾವುದು ಜಾಸ್ತಿ ತಿಂಡಿಗಳಿಗೆ ಹೊಂದುತ್ತೆ ಹೇಳಮ್ಮ ಅಂತ.

ನಾನು ನ್ಯಾಯ ಹೇಳೋದು ಸರಿಯಲ್ಲ. ನನ್ನ ತವರು ಪುತ್ತೂರಿನ ಕಡೆ. ಅಡಿಕೆ ಮರಗಳ ನೆರಳಲ್ಲಿ ಕೊಕ್ಕೋ ಗಿಡಗಳ ಮಧ್ಯೆ ಬೆಳೆದವಳು. ಚಿಕ್ಕವಳಿದ್ದಾಗ ಹಣ್ಣಾದ ಕೊಕ್ಕೋ ಕಾಯಿ ಒಡೆದು, ಬೀಜಕ್ಕೆ ಅಂಟಿದ ಬಿಳಿ ತಿರುಳು ಚೀಪಿ, ಬೀಜ ಉಗುಳುತ್ತಿದ್ದೆವು. ಹುಳಿ ಸಿಹಿ, ಚಾಕೊಲೇಟಿನ ಸುಳಿವೇ ಇಲ್ಲ. ಆ ರುಚಿ ಹುಟ್ಟುವುದು ಬೀಜವನ್ನು ಕೆಲವು ದಿನ ಹುಳಿಬರಿಸಿ, ಒಣಗಿಸಿ, ಹುರಿದ ಮೇಲೆ. ಉಗುಳಿದ ಬೀಜಕ್ಕೆ ದುಡ್ಡು ಬರುತ್ತೆ ಅಂತ ಅಪ್ಪ ಬೈಯುತ್ತಿದ್ದರು ಅನ್ನೋದು ಬೇರೆ ಮಾತು. ಬೆಲೆ ಬಿದ್ದುಹೋದ ಕಾಲದಲ್ಲಿ ಕೊಕ್ಕೋ ಬೆಳೆಗಾರರ ಕೈಹಿಡಿದದ್ದು ಅಡಿಕೆ, ಕೊಕ್ಕೋ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ. 1986ರಲ್ಲಿ ಅದು ಪುತ್ತೂರಿನಲ್ಲೇ ಚಾಕೊಲೇಟ್ ಫ್ಯಾಕ್ಟರಿ ಶುರುಮಾಡಿತು. ಹಾಗಾಗಿ ನನ್ನ ಓಟು ಎತ್ತ ಬೀಳಬೇಕಿತ್ತು ಅಂತ ನಿಮಗೇ ಗೊತ್ತಾಗುತ್ತೆ.

ಆದರೂ ಚೀಸಿಗೇ ಹಾಕಿದೆ. ಮನಸ್ಸಿಲ್ಲದ ಮನಸ್ಸಿನಿಂದ.

ನನ್ನ ಲೆಕ್ಕ ಇಷ್ಟೇ. ಚೀಸ್ ಅಂದರೆ ಉಪ್ಪು, ಕೊಬ್ಬು, ಜೊತೆಗೆ ನಾಲಿಗೆಯನ್ನು ಇನ್ನೊಂದು ತುತ್ತಿಗೆ ಎಳೆಯುವ ಒಂದು ರುಚಿ. ನಾವು ಬೆಣ್ಣೆ, ತುಪ್ಪ ಹಾಕುವ ಕಡೆಯೆಲ್ಲ ಹೆಚ್ಚುಕಮ್ಮಿ ಅದು ನಡೆಯುತ್ತೆ. ನಮಗೆ ಗೊತ್ತಿರುವ ಚಾಕೊಲೇಟ್ ಅಂದರೆ ಹೆಚ್ಚಾಗಿ ಸಕ್ಕರೆಯ ವ್ಯವಹಾರ. ಅದು ಬೆಲ್ಲ ಹೋಗುವ ಕಡೆ ಮಾತ್ರ ಹೋಗುತ್ತೆ. ಬಾಳೆಹಣ್ಣು, ಕೊಬ್ಬರಿ, ಕಡಲೆಬೀಜ, ಎಳ್ಳು, ಇವೆಲ್ಲ ಬೆಲ್ಲದ ಹಳೇ ಸ್ನೇಹಿತರು ತಾನೇ? ನಮ್ಮ ಅಡುಗೆಮನೆಯಲ್ಲಿ ಬೆಲ್ಲಕ್ಕಿಂತ ತುಪ್ಪ ಸುತ್ತುವ ಊರು ಜಾಸ್ತಿ. ರೊಟ್ಟಿ, ದೋಸೆ, ಉಪ್ಪಿಟ್ಟು, ಬಿಸಿಬೇಳೆಬಾತ್, ಎಲ್ಲ ಕಡೆ ಅದರದ್ದೇ ಓಡಾಟ. ಅಲ್ಲಿಗೆ ಚೀಸ್ ಗೆದ್ದ ಹಾಗೆ.

ಇನ್ನೊಂದು ಕಾರಣ ಶಾಖ. ಸ್ಲೈಸ್, ಕ್ಯೂಬ್ ರೂಪದಲ್ಲಿ ನಾವು ತರುವುದು ಪ್ರಾಸೆಸ್ಡ್ ಚೀಸ್. 1911ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಗರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್, ಬಿಸಿಲಿನ ದೇಶಗಳಿಗೆ ಕಳಿಸಿದರೂ ಕೆಡದಂಥ ಚೀಸ್ ಮಾಡಲು ಹೊರಟು ಇದನ್ನು ಕಂಡುಕೊಂಡರು. ಒಂದು ಬಗೆಯ ಲವಣ ಸೇರಿಸಿ ಕಾಯಿಸಿದರೆ ಜಿಡ್ಡು, ನೀರು ಬೇರೆಬೇರೆ ಆಗದೆ ನುಣ್ಣಗೆ ಕರಗುತ್ತೆ. ಕಾವಲಿಯ ಮೇಲೂ ಅದಕ್ಕೆ ಹೆದರಿಕೆಯಿಲ್ಲ. ಚಾಕೊಲೇಟಿನ ಕೊಬ್ಬು ನಮ್ಮ ಬಾಯಿಯ ಬಿಸಿಗೇ ಕರಗುವಂಥದ್ದು. ಕಾದ ಕಾವಲಿಗೆ ಬಿದ್ದರೆ ಸೀದು ಹೋಗುತ್ತೆ. ಬೆಂಗಳೂರಿನ ಗಾಡಿಗಳಲ್ಲಿ ಚಾಕೊಲೇಟ್ ದೋಸೆ ತಿಂದವರಿಗೆ ಆ ಸೀದ ಸಕ್ಕರೆ ವಾಸನೆ ಗೊತ್ತಿರುತ್ತೆ.

ಹಾಗಂತ ಚೀಸ್ ಪಾರ್ಟಿಯವರು ಜಾಸ್ತಿ ಹಿಗ್ಗಬೇಡಿ. ಹೊಂದುವುದು ಬೇರೆ, ಮುಚ್ಚಿಹಾಕುವುದು ಬೇರೆ. ಮಸಾಲೆ ದೋಸೆಯ ಮೇಲೆ ಗುಡ್ಡದ ಹಾಗೆ ಚೀಸ್ ತುರಿದು ಕೊಡುತ್ತಾರಲ್ಲ, ಅದರಲ್ಲಿ ಪಲ್ಯ ಹಳಸಿದ್ದರೂ ಗೊತ್ತಾಗಲ್ಲ. ಕೆಂಪು ಚಟ್ನಿಯ ಬೆಳ್ಳುಳ್ಳಿ ಎಲ್ಲಿ ಹೋಯ್ತೋ. ದಾವಣಗೆರೆ ಬೆಣ್ಣೆ ದೋಸೆಗೂ ಚೀಸ್ ಹಾಕಿ ಅನ್ನುವವರನ್ನು ನೋಡಿದ್ದೇನೆ. ಅವರ ಬಗ್ಗೆ ಏನೂ ಹೇಳಲ್ಲ, ನನ್ನ ಫ್ರೆಂಡ್ ಲಿಸ್ಟಿನಲ್ಲಿ ಇಬ್ಬರಿದ್ದಾರೆ.

ಚೀಸ್ ಸೋತ ಜಾಗ ಅಂದರೆ ನೀರುದೋಸೆ. ಎರಡೂ ಮೆತ್ತಗೆ, ಎರಡೂ ಸಪ್ಪೆ ಮುಖದವು. ನೀರುದೋಸೆಗೆ ನಾವು ಮೊದಲಿಂದ ತಿನ್ನುವುದು ಕಾಯಿಬೆಲ್ಲ. ಹಾಗಾಗಿ ಅಲ್ಲಿ ಕಾಯಿತುರಿ ಜೊತೆ ಸ್ವಲ್ಪ ಚಾಕೊಲೇಟ್ ಚೆನ್ನಾಗಿಯೇ ಕೂತಿತು. ಮಗಳು ಕುಣಿದಾಡಿದಳು.

ಇಲ್ಲಿಗೇ ಬಿಡಬಹುದಿತ್ತು. ಆದರೆ ನನ್ನ ತಲೆಯಲ್ಲಿ ಒಂದು ಹುಳ ಕೊರೆಯುತ್ತಿತ್ತು. ಸಕ್ಕರೆ ತೆಗೆದುಬಿಟ್ಟರೆ ಕೊಕ್ಕೋ ಕಹಿ ಪದಾರ್ಥ. ಮೆಕ್ಸಿಕೋದಲ್ಲಿ ಮೋಲೆ ಅಂತ ಒಂದು ಗಟ್ಟಿ ಸಾರು ಮಾಡುತ್ತಾರೆ. ಅದರ ಪ್ವೆಬ್ಲಾ ಊರಿನ ಬಗೆಯಲ್ಲಿ ಒಣಮೆಣಸು, ಎಳ್ಳು, ಒಣಹಣ್ಣುಗಳ ಜೊತೆ ಸ್ವಲ್ಪ ಚಾಕೊಲೇಟ್ ಕೂಡ ಬೀಳುತ್ತೆ. ಒಣಮೆಣಸು, ಹುರಿದ ಎಳ್ಳು, ಹಣ್ಣು... ಇದು ನಮ್ಮ ಕಡೆಯ ಹುಳಿ-ಸಿಹಿ-ಖಾರದ ಗೊಜ್ಜು ಮೆಣಸ್ಕಾಯಿಯ ದೂರದ ನೆಂಟ ಅಲ್ವಾ?

ಬುಧವಾರ ಅನಾನಸ್ ಮೆಣಸ್ಕಾಯಿ ಮಾಡಿದೆ. ಎಳ್ಳು, ಉದ್ದಿನಬೇಳೆ, ಒಣಮೆಣಸು ಹುರಿದು, ಕಾಯಿ ಜೊತೆ ರುಬ್ಬಿ, ಹುಣಸೆಹುಳಿ, ಬೆಲ್ಲ ಎಲ್ಲ ಎಂದಿನ ಹಾಗೆ. ಕುದಿಯುವಾಗ ಸಕ್ಕರೆ ಇಲ್ಲದ ಕೊಕ್ಕೋ ಪುಡಿ ಅರ್ಧ ಚಮಚ ಹಾಕಿದೆ, ಯಾರಿಗೂ ಹೇಳದೆ. ಬಣ್ಣ ಸ್ವಲ್ಪ ಕಪ್ಪಾಯಿತು. ಅನಾನಸಿನ ಸಿಹಿ ಒಂದು ಹೆಜ್ಜೆ ಹಿಂದೆ ಸರಿದು ನಿಂತಿತು. ಚಾಕೊಲೇಟ್ ಅಂತ ಎಲ್ಲೂ ಅನ್ನಿಸಲಿಲ್ಲ. ಗಂಡ ಎರಡು ಸಲ ಹಾಕಿಸಿಕೊಂಡು, "ಇವತ್ತು ಎಳ್ಳು ಚೂರು ಜಾಸ್ತಿ ಹುರಿದೆಯಾ?" ಅಂತ ಕೇಳಿದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಬೇಡ.

ಖುಷಿ ತಡೆಯಲಾರದೆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಮೆಣಸ್ಕಾಯಿಗೆ ಕೊಕ್ಕೋ ಹಾಕಿದ್ಯಾ? ಅದು ಮಾರ್ಲಿಕ್ಕೆ ಇರುವುದು ಮಾರಾಯ್ತಿ, ತಿನ್ಲಿಕ್ಕೆ ಅಲ್ಲ."