ಅದೇ ಕೆಸರು, ಬೇರೆ ಬೇರೆ ಪುಸ್ತಕ

ಮೊದಲ ಮಹಾಯುದ್ಧದ ಸಾಹಿತ್ಯ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಡಿಗ್ರಿ ಇಂಗ್ಲಿಷ್ ಪಠ್ಯದ ಕವಿ, ಸೈನಿಕ ವಿಲ್ಫ್ರೆಡ್ ಓವೆನ್. ನನಗೂ ಅಷ್ಟೇ. ಅವನ ಪದ್ಯದಲ್ಲಿ ವಿಷದ ಗ್ಯಾಸ್ ಬರುತ್ತದೆ, ಎಲ್ಲರೂ ತಡಬಡಿಸಿ ಮಾಸ್ಕ್ ಹಾಕಿಕೊಳ್ಳುತ್ತಾರೆ, ಒಬ್ಬನಿಗೆ ಮಾತ್ರ ಆಗುವುದಿಲ್ಲ, ಅವನನ್ನು ಗಾಡಿಗೆ ಹಾಕಿಕೊಂಡು ಹೋಗುತ್ತಾರೆ. ಆದರೆ ಓವೆನ್‌ನ ಸಿಟ್ಟು ಜರ್ಮನರ ಮೇಲಲ್ಲ. ಮನೆಯಲ್ಲಿ ಕೂತು ಹುಡುಗರನ್ನು ಹುರಿದುಂಬಿಸುವ ಪದ್ಯ ಬರೆಯುತ್ತಿದ್ದ ಜೆಸ್ಸಿ ಪೋಪ್ ಮೇಲೆ. ಒಂದು ಕರಡಿನಲ್ಲಿ ತನ್ನ ಈ ಗ್ಯಾಸ್ ಪದ್ಯವನ್ನು ಆಕೆಗೇ ಅರ್ಪಿಸಿದ್ದ!

ಜರ್ಮನಿಯ ರೆಮಾರ್ಕ್ ಬರೆದ ಕಾದಂಬರಿ 'ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್'ನಲ್ಲೂ (1929) ಅಂಥವನೊಬ್ಬ ಇದ್ದಾನೆ, ಇಡೀ ಕ್ಲಾಸನ್ನೇ ಸೈನ್ಯಕ್ಕೆ ಸೇರಿಸಿದ ಮೇಷ್ಟ್ರು. ನನಗೆ ಮರೆಯಲಾಗದ್ದು ಮೇಷ್ಟ್ರಲ್ಲ, ಒಂದು ಜೊತೆ ಬೂಟು. ಕೆಮ್ಮೆರಿಖ್ ಅನ್ನುವ ಹುಡುಗನ ಕಾಲು ಕತ್ತರಿಸಿದ್ದಾರೆ, ಸಾಯುತ್ತಿದ್ದಾನೆ. ನೋಡಲು ಬಂದ ಗೆಳೆಯ ಮ್ಯುಲರ್‌ನ ಕಣ್ಣು ಮಂಚದ ಕೆಳಗಿನ ಮೆತ್ತನೆ ಹಳದಿ ಚರ್ಮದ ಬೂಟಿನ ಮೇಲೆ. ಅದೂ ಇಂಗ್ಲಿಷ್ ಬೂಟು, ನೋಡಿ! ಕೆಮ್ಮೆರಿಖ್ ಸತ್ತ ಮೇಲೆ ಮ್ಯುಲರ್‌ಗೆ, ಅವನು ಸತ್ತ ಮೇಲೆ ಕತೆ ಹೇಳುವ ಪಾಲ್‌ಗೆ. ರೆಮಾರ್ಕ್ ಯಾರನ್ನೂ ಬೈಯುವುದಿಲ್ಲ, ಸುಮ್ನೆ ಬೂಟು ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ.

ಹಾಗಂತ ಇಂಗ್ಲಿಷರದು ಸಿಟ್ಟು, ಜರ್ಮನರದು ಮೌನ ಅಂತ ಗೆರೆ ಎಳೆದುಬಿಡಬೇಡಿ. ಏಕೆಂದರೆ ಅಲ್ಲೇ ಇನ್ನೊಬ್ಬ ಜರ್ಮನ್ ಸೈನಿಕ, ಲೇಖಕ ಎರ್ನ್ಸ್ಟ್ ಯುಂಗರ್ ಕೂತಿದ್ದಾನೆ. 14 ಸಲ ಗಾಯಗೊಂಡವನು, ಕಂದಕದಲ್ಲಿ ಕೂತು ಇಂಗ್ಲಿಷ್ ಕಾದಂಬರಿ 'ಟ್ರಿಸ್ಟ್ರಾಮ್ ಶಾಂಡಿ' ಓದಿದವನು. 1920ರ ಅವನ ಯುದ್ಧದ ಪುಸ್ತಕದಲ್ಲಿ ಗುಂಡಿನ ಮಳೆ ನಿಜಕ್ಕೂ ಮಳೆಯೇ, ಬಂತು, ನೆನೆದೆವು, ನಡೆದೆವು ಅನ್ನೋ ಥರ. ಯುದ್ಧ ತಪ್ಪು ಅನ್ನೋ ಮಾತಿಗೆ ಅವನು ಹೋಗುವುದೇ ಇಲ್ಲ.

ನನಗೆ ಅನ್ನಿಸುವ ದೊಡ್ಡ ವ್ಯತ್ಯಾಸ ಬರವಣಿಗೆಯದಲ್ಲ, ಆಮೇಲಿನದು. ಗೆದ್ದ ದೇಶದಲ್ಲಿ ಓವೆನ್‌ನ ಸಿಟ್ಟನ್ನು ನಿಧಾನವಾಗಿ ಶಾಲೆಯ ಪಾಠ ಮಾಡಿಬಿಟ್ಟರು, ಅದು ಯಾರಿಗೂ ಈಗ ಚುಚ್ಚುವುದಿಲ್ಲ. ಸೋತ ದೇಶದಲ್ಲಿ ಆ ಯುದ್ಧ ಯಾರದು ಅನ್ನುವ ಜಗಳವೇ ಮುಗಿಯಲಿಲ್ಲ. 1930ರ ಡಿಸೆಂಬರ್‌ನಲ್ಲಿ ಬರ್ಲಿನ್ನಿನಲ್ಲಿ ರೆಮಾರ್ಕ್ ಕತೆಯ ಸಿನಿಮಾ ನಡೆಯುವಾಗ ನಾಜಿಗಳು ಥಿಯೇಟರಿನೊಳಗೆ ಬಿಳಿ ಇಲಿ ಬಿಟ್ಟರು, ಕೆಲವೇ ದಿನಗಳಲ್ಲಿ ಸಿನಿಮಾ ಬ್ಯಾನ್ ಆಯಿತು. 1933ರಲ್ಲಿ ಪುಸ್ತಕ ಸುಟ್ಟರು. ರೆಮಾರ್ಕ್ ದೇಶ ಬಿಟ್ಟಿದ್ದ, ತಂಗಿ ಎಲ್ಫ್ರೀಡ ಅಲ್ಲೇ ಉಳಿದಿದ್ದಳು. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, ಈ ಯುದ್ಧ ಸೋತಾಯಿತು ಅಂದಿದ್ದಕ್ಕೆ 1943ರಲ್ಲಿ ಅವಳ ತಲೆ ಕಡಿದರು.

ಯುಂಗರ್ 102 ವರ್ಷ ಬದುಕಿದ. ಅವನ ಪುಸ್ತಕ ಓದುವಾಗ ಸಿಟ್ಟು ಬರಬೇಕಿತ್ತು, ಅಲ್ವಾ? ಬರಲಿಲ್ಲ. ರಾತ್ರಿ ಎರಡರವರೆಗೆ ಕೆಳಗಿಡದೆ ಓದಿದೆ, ಅದೇ ನನಗೆ ಇವತ್ತಿಗೂ ಕಿರಿಕಿರಿ.