ಬೆಸುಗೆಗೊಂದು ಚಿಂದಿಬಟ್ಟೆ

ಕನ್ನಡದಲ್ಲಿ ಬರೆಯುವವರಿಗೆ ‘ಬೆಸುಗೆ’ ಎಂದರೆ ಬಿಟ್ಟಿ ಸಿಕ್ಕ ಮಾತು. ಶುಭಾಶಯ ಪತ್ರದಲ್ಲಿ ಹೃದಯಗಳ ಬೆಸುಗೆ, ಬೀಳ್ಕೊಡುಗೆ ಭಾಷಣದಲ್ಲಿ ಸ್ನೇಹದ ಬೆಸುಗೆ, ಮುನ್ನುಡಿಯಲ್ಲಿ ಭಾವ-ಬುದ್ಧಿಗಳ ಬೆಸುಗೆ. ನಾನೂ ಈ ಪದವನ್ನು ಧಾರಾಳವಾಗಿ ಖರ್ಚು ಮಾಡಿದವನೇ. ತಾಮ್ರದ ಪೈಪುಗಳನ್ನು ನಿಜಕ್ಕೂ ಬೆಸೆಯಲು ಕೂತ ದಿನವೇ ಗೊತ್ತಾದದ್ದು, ಬೆಸುಗೆಯಲ್ಲಿ ಬೆಂಕಿಯ ಪಾಲು ಅರೆ ನಿಮಿಷದ್ದು. ಉಳಿದದ್ದೆಲ್ಲ ಉಜ್ಜುವುದು, ಬಳಿಯುವುದು, ಒರೆಸುವುದು. ಹೃದಯಗಳನ್ನು ಬೆಸೆಯುವವರು ಯಾರೂ ಉಪ್ಪುಕಾಗದದ ಸುದ್ದಿ ಎತ್ತಿದ್ದನ್ನು ನಾನು ಕಂಡಿಲ್ಲ.

ಬಿಸಿನೀರಿನ ಲೈನಿಗೆ ಒಂದೆರಡು ಎಲ್ಬೋ, ಅಂದರೆ ಪೈಪು ತಿರುಗುವಲ್ಲಿ ಕೂರಿಸುವ ಮೊಣಕೈಯಂಥ ತುಂಡು, ಸೇರಿಸಬೇಕಿತ್ತು. ಕಲಿಸಿದವರು ಹಿರಿಯ ಪ್ಲಂಬರ್ ಒಬ್ಬರು. ಕಟರ್ ಸುತ್ತಿಸಿ ಪೈಪು ಕತ್ತರಿಸಿದರು, ಒಳಬಾಯಲ್ಲಿ ಎದ್ದಿದ್ದ ಚೂಪು ಅಂಚನ್ನು ಕೆರೆದು ತೆಗೆದರು. ಆ ಅಂಚು ಉಳಿದರೆ ಹರಿಯುವ ನೀರು ಅಲ್ಲೇ ಸುಳಿಸುತ್ತಿ ಕಾಲಕ್ರಮದಲ್ಲಿ ತಾಮ್ರವನ್ನೇ ಸವೆಸುತ್ತದಂತೆ. ಆಮೇಲೆ ಎಮೆರಿ ಪಟ್ಟಿ ಹಿಡಿದು ಪೈಪಿನ ತುದಿಯನ್ನು ಉಜ್ಜಲು ಕೂತರು. ಉಜ್ಜಿದರು, ಉಜ್ಜಿದರು. ಎಲ್ಬೋದ ಒಳಗೋಡೆಗೆ ತಂತಿಯ ಬ್ರಷ್ ತೂರಿಸಿ ತಿರುವಿದರು. ನನ್ನ ಕಣ್ಣೆಲ್ಲ ಪಕ್ಕದಲ್ಲಿ ಸುಮ್ಮನೆ ಮಲಗಿದ್ದ ಗ್ಯಾಸ್ ಟಾರ್ಚಿನ ಮೇಲೆ.

“ಬೆಂಕಿ ಯಾವಾಗ ಹಚ್ಚೋದು?” ಎಂದೆ.

“ಬೆಂಕಿಗೇನು ಸಾರ್, ಕರೆದಾಗ ಬರುತ್ತೆ. ಮೊದಲು ಇದು ಹೊಳೀಲಿ. ಹೊಳೆದ ಮೇಲೆ ಮಾತ್ರ ಮುಟ್ಟಬೇಡಿ.”

ಮುಟ್ಟಬೇಡಿ ಎಂದದ್ದನ್ನು ಮುಟ್ಟುವುದು ನನ್ನ ಹಳೆಯ ಕಾಯಿಲೆ. ಹೊಸ ನಾಣ್ಯದ ಹಾಗೆ ಮಿನುಗುತ್ತಿದ್ದ ತಾಮ್ರ ಕೈಯಳತೆಯಲ್ಲಿದ್ದರೆ ಯಾರಿಗೆ ತಡೆದೀತು? ಬೆರಳಿನಲ್ಲಿ ಎಣ್ಣೆಯ ಪಸೆ ಇರುತ್ತದೆ, ಪಸೆ ಕೂತಲ್ಲಿ ಸಾಲ್ಡರ್, ಅಂದರೆ ಕರಗಿಸಿ ಬೆಸೆಯುವ ಲೋಹ, ಕೂರಲು ಒಪ್ಪುವುದಿಲ್ಲ ಎಂದು ಅವರು ಹೇಳುತ್ತಲೇ ಇದ್ದರು. ನಾನು ತಲೆಯಾಡಿಸುತ್ತಲೇ ಇದ್ದೆ.

ಇಷ್ಟು ಉಜ್ಜಿದ ಮೇಲೂ ತಾಮ್ರವನ್ನು ನಂಬುವಂತಿಲ್ಲ. ಬರಿಗಾಳಿಗೇ ಮಂಕಾಗುವ ಲೋಹ ಅದು. ಬೆಂಕಿ ತೋರಿಸಿದರಂತೂ ಗಾಳಿಯಲ್ಲಿರುವ ಆಮ್ಲಜನಕದೊಂದಿಗೆ ಕೂಡಿ ಕ್ಷಣದಲ್ಲಿ ಕಪ್ಪಾಗುತ್ತದೆ. ಆ ಕಪ್ಪು ಪೊರೆಯ ಮೇಲೆ ಕರಗಿದ ಸಾಲ್ಡರ್ ಅಂಟದೆ, ಕೆಸುವಿನ ಎಲೆಯ ಮೇಲಿನ ನೀರಿನಂತೆ ಗುಂಡಗಾಗಿ ಉರುಳಿಬಿಡುತ್ತದೆ. ಫ್ಲಕ್ಸ್ ಬೇಕಾಗುವುದು ಇಲ್ಲೇ. ಡಬ್ಬಿಯ ಮುಚ್ಚಳ ತೆಗೆದರೆ ಮಂಡಿನೋವಿನ ಮುಲಾಮಿನಂಥ ಪೇಸ್ಟು. ಅಂಥ ಪೇಸ್ಟಿನಲ್ಲಿ ಸಾಮಾನ್ಯವಾಗಿ ಇರುವುದು ಪೆಟ್ರೋಲಿಯಂ ಜೆಲ್ಲಿಯಲ್ಲಿ ಕಲಸಿದ ಸತುವಿನ ಕ್ಲೋರೈಡು, ಜೊತೆಗೆ ಅಮೋನಿಯಂ ಕ್ಲೋರೈಡು. ಎರಡನೆಯದು ಬೇರೆ ಯಾರೂ ಅಲ್ಲ, ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರ ಕೈಯಲ್ಲಿ ಹೊಗೆಯೆಬ್ಬಿಸುವ ನಮ್ಮ ಹಳೆಯ ನವಸಾಗರ. ಬಿಸಿಯಾದಾಗ ಇವು ಉಳಿದಿದ್ದ ಪೊರೆಯನ್ನು ತಿಂದುಹಾಕಿ, ಗಾಳಿ ಸೋಕದಂತೆ ಲೋಹವನ್ನು ಮುಚ್ಚಿಕೊಳ್ಳುತ್ತವೆ.

ಎಷ್ಟು ಹಚ್ಚಬೇಕು? ಹಚ್ಚಿದ್ದು ಕಾಣಬೇಕು, ಅಷ್ಟೇ. ನಾನು ಮಗುವಿಗೆ ಎಣ್ಣೆ ತಿಕ್ಕುವ ಅಕ್ಕರೆಯಿಂದ ಬಳಿದೆ, ಅದೂ ಬ್ರಷ್ ಬಿಟ್ಟು ಬೆರಳಿನಿಂದ. ಹೆಚ್ಚಾದದ್ದು ಎಲ್ಲಿಗೆ ಹೋಗುತ್ತದೆ? ಪೈಪನ್ನು ಎಲ್ಬೋದೊಳಗೆ ಒತ್ತಿದಾಗ ಅರ್ಧ ಹೊರಗೆ ಉಕ್ಕುತ್ತದೆ, ಅರ್ಧ ನೀರು ಹರಿಯುವ ಒಳಮೈಗೆ ಸೇರುತ್ತದೆ. ಇನ್ನು ಬೆರಳಿನದು: ಬೆವರಿತೆಂದು ಅದೇ ಬೆರಳಲ್ಲಿ ರೆಪ್ಪೆ ಒರೆಸಿಕೊಂಡೆ. ಲೋಹದ ಪೊರೆ ತಿನ್ನುವ ವಸ್ತು ಕಣ್ಣಿಗೆ ಏನು ಮಾಡುತ್ತದೆಂದು ವರ್ಣಿಸುವುದಿಲ್ಲ; ಕಾಲು ಗಂಟೆ ನಲ್ಲಿಯ ಕೆಳಗೆ ಮುಖ ಹಿಡಿದು ನಿಂತಿದ್ದೆ.

ಕೊನೆಗೂ ಬೆಂಕಿ. ಇಲ್ಲಿ ನನಗೆ ಹುಟ್ಟಿದ ಸಂತೋಷಕ್ಕೆ ಯಾವ ತಕರಾರೂ ಇಲ್ಲ. ನೀಲಿ ನಾಲಿಗೆಯನ್ನು ಪೈಪಿಗಲ್ಲ, ಎಲ್ಬೋಗೆ ತೋರಿಸಬೇಕು. ಬೆಳ್ಳಗಿದ್ದ ಪೇಸ್ಟು ಕರಗಿ ತಿಳಿಯಾಗುತ್ತದೆ, ಚಿರಗುಟ್ಟುತ್ತದೆ, ಸಣ್ಣಗೆ ಹೊಗೆಯಾಡುತ್ತದೆ. ಆಗ ಸಾಲ್ಡರ್ ತಂತಿಯನ್ನು ಜ್ವಾಲೆಯ ಎದುರು ಬದಿಗೆ ಮುಟ್ಟಿಸಬೇಕು. ತಂತಿಯನ್ನು ಕರಗಿಸಬೇಕಾದ್ದು ಜ್ವಾಲೆಯಲ್ಲ, ಕಾದ ತಾಮ್ರ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತವರವೇ ಮುಖ್ಯವಾಗಿರುವ ಈಗಿನ ಸಾಲ್ಡರ್‌ಗಳೂ ಅದರ ಆಸುಪಾಸಿನಲ್ಲೇ. ತಾಮ್ರ ಕರಗಲು 1085 ಬೇಕು, ಹಾಗಾಗಿ ಅದಕ್ಕೆ ಇದೆಲ್ಲ ಬರೀ ಬೆಚ್ಚನೆಯ ಸಮಾಚಾರ. ಪೈಪಿಗೂ ಎಲ್ಬೋಗೂ ನಡುವೆ ಇರುವ ಸಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವ ಹಾಗೆ ಆ ಸಂದು ಕರಗಿದ ಸಾಲ್ಡರನ್ನು ಸರಕ್ಕನೆ ಒಳಗೆಳೆದುಕೊಳ್ಳುತ್ತದೆ, ಮೇಲ್ಮುಖವಾಗಿದ್ದರೂ ಸರಿ. ಸುತ್ತ ಒಂದು ಬೆಳ್ಳಿ ಬಳೆ ಮೂಡಿದರೆ ಮುಗಿಯಿತು. ಅರ್ಧ ಇಂಚಿನ ಪೈಪಿಗೆ ಅರ್ಧ ಇಂಚಿನಷ್ಟು ತಂತಿ ಸಾಕು. ನಾನು ಮೂರು ಇಂಚು ಉಣಿಸಿದೆ. ಇನ್ನೂ ಕಾಯಿಸುತ್ತ ಕೂತರೆ ಫ್ಲಕ್ಸ್ ಸುಟ್ಟು ಕರಿಯಾಗುತ್ತದೆ, ಆಮೇಲೆ ಎಷ್ಟು ಓಲೈಸಿದರೂ ಸಾಲ್ಡರ್ ಒಳಗೆ ಹೋಗದು.

ಒಂದು ಜಾಯಿಂಟು ಮಾತ್ರ ಎಷ್ಟು ಕಾಯಿಸಿದರೂ ಜಪ್ಪಯ್ಯ ಎನ್ನಲಿಲ್ಲ. ಲೈನಿನಲ್ಲಿ ಉಳಿದಿದ್ದ ನೀರು ತೊಟ್ಟಿಕ್ಕುತ್ತಿತ್ತು. ನೀರಿರುವವರೆಗೆ ಆ ಜಾಗ 100 ಡಿಗ್ರಿ ದಾಟಲು ಬಿಡುವುದಿಲ್ಲ, ಶಾಖವನ್ನೆಲ್ಲ ಹಬೆ ಮಾಡಿ ಊದಿಬಿಡುತ್ತದೆ. ಇದಕ್ಕೆ ಪ್ಲಂಬರುಗಳ ಬಳಿ ಹಳೆಯದೊಂದು ಉಪಾಯವಿದೆ: ಬ್ರೆಡ್ಡಿನ ಮೆತ್ತನೆ ತಿರುಳನ್ನು ಪೈಪಿನೊಳಗೆ ತುರುಕುವುದು. ಅದು ನೀರು ಹೀರಿಕೊಂಡು ಕೂತಿರುವಾಗ ಬೆಸೆದುಬಿಟ್ಟು, ಆಮೇಲೆ ನೀರು ಬಿಟ್ಟರೆ ಕರಗಿ ಕೊಚ್ಚಿಹೋಗುತ್ತದೆ. ನಾನು ನಗೆಯಾಡಿದೆ. ಕೆಲಸ ಆಯಿತು.

ನಾನು ಕೈತೊಳೆಯಲು ಎದ್ದಾಗ ಅವರು ಜೇಬಿನಿಂದ ಹಳೆಯ ಹತ್ತಿಬಟ್ಟೆಯ ಚಿಂದಿಯೊಂದನ್ನು ತೆಗೆದರು. ಸಾಲ್ಡರಿನ ಹೊಳಪು ಹೋಗಿ ಗಟ್ಟಿಯಾಗಬೇಕು, ಪೈಪು ಇನ್ನೂ ಬಿಸಿಯಿರಬೇಕು. ಅಷ್ಟರೊಳಗೆ ಒಂದು ಸುತ್ತು ಒರೆಸಿಬಿಡಬೇಕು. ಮೊದಲೇ ಒರೆಸಿದರೆ ಬೆಸುಗೆಯೇ ಬಟ್ಟೆಗೆ ಬರುತ್ತದೆ, ತಡವಾದರೆ ಫ್ಲಕ್ಸ್ ಜಿಡ್ಡುಗಟ್ಟಿ ಕೂರುತ್ತದೆ. ಪ್ಲಂಬರ್ ಎಂಬ ಹೆಸರೇ ಸೀಸದ ಲ್ಯಾಟಿನ್ ಹೆಸರಾದ ಪ್ಲಂಬಮ್‌ನಿಂದ ಬಂದದ್ದು. ಸೀಸದ ಪೈಪುಗಳ ಕಾಲದಲ್ಲಿ ಅರೆಗಟ್ಟಿ ಲೋಹವನ್ನು ಬಟ್ಟೆಯಿಂದ ಒರೆಸಿ ಒರೆಸಿಯೇ ಜಾಯಿಂಟಿಗೆ ರೂಪ ಕೊಡುತ್ತಿದ್ದರು. ಸೀಸ ವಿಷವೆಂದು ಮನವರಿಕೆಯಾಗಿ, ಅಮೆರಿಕದಲ್ಲಿ 1986ರ ಕಾನೂನು ಕುಡಿಯುವ ನೀರಿನ ಪೈಪಿಗೆ ಸೀಸದ ಸಾಲ್ಡರ್ ಬಳಸದಂತೆ ತಡೆಯಿತು. ಸೀಸ ಹೋಯಿತು, ಹೆಸರು ಉಳಿಯಿತು, ಚಿಂದಿಯೂ ಉಳಿಯಿತು.

ಒರೆಸದಿದ್ದರೆ? ಫ್ಲಕ್ಸಿಗೆ ಕೆಲಸ ಮುಗಿದದ್ದು ತಿಳಿಯುವುದಿಲ್ಲ. ಪೊರೆ ತಿಂದದ್ದು ಸಾಲದೆಂದು ತಾಮ್ರವನ್ನೇ ಮೆಲ್ಲತೊಡಗುತ್ತದೆ. ಕೆಲವು ವಾರಗಳಲ್ಲಿ ಹಸಿರು ಕಿಲುಬು ಎದ್ದು ಪೈಪಿನ ಮೈಮೇಲೆ ಗಡ್ಡದಂತೆ ಇಳಿಯುತ್ತದೆ. ಒಳಗೆ ಉಳಿದದ್ದು ಇನ್ನೂ ಕೆಟ್ಟದ್ದು, ಕಾಣದಂತೆ ಕೂತು ತೂತು ಕೊರೆಯಬಲ್ಲದು. ಅದಕ್ಕೇ ಹೊಸ ಲೈನಿನಲ್ಲಿ ನೀರನ್ನು ಜೋರಾಗಿ ಬಿಟ್ಟು ತೊಳೆಯುವುದು.

ಕೊನೆಯ ಎಲ್ಬೋವನ್ನು ಪೂರ್ತಿ ನಾನೇ ಬೆಸೆದೆ. ಉಜ್ಜಿದೆ, ಬಳಿದೆ, ಕಾಯಿಸಿದೆ. ಒರೆಸುವುದನ್ನು ನಾಳೆಗಿಟ್ಟೆ, ಲೈನು ತೊಳೆಯುವುದನ್ನೂ. ತಣ್ಣೀರು ಬಿಟ್ಟು ನೋಡಿದೆ, ಒಂದು ಹನಿ ಇಲ್ಲ. ಎರಡು ವಾರ ಬಂದವರಿಗೆಲ್ಲ ತೋರಿಸಿ ಬೀಗಿದೆ. ನಿಜವಾದ ಬಿಸಿನೀರು ಹರಿದ ದಿನ ತೊಟ್ಟಿಕ್ಕಲು ಶುರುವಾಯಿತು. ಅಷ್ಟು ದಿನ ನೀರನ್ನು ತಡೆದದ್ದು ನನ್ನ ಸಾಲ್ಡರ್ ಅಲ್ಲ, ಧಾರಾಳವಾಗಿ ಬಳಿದಿದ್ದ ಫ್ಲಕ್ಸಿನ ಜಿಡ್ಡು! ಬಿಸಿ ತಾಗಿದ್ದೇ ಕರಗಿ ಜಾರಿಕೊಂಡಿತ್ತು.

ಅವರು ಬಂದು ಲೈನಿನ ನೀರು ಖಾಲಿ ಮಾಡಿ, ಜಾಯಿಂಟು ಕಾಯಿಸಿ ಬಿಡಿಸಿದರು. ಪೈಪಿನ ತುದಿ ಸುತ್ತಲೂ ಬೆಳ್ಳಗಿತ್ತು, ಒಂದು ಕಡೆ ಮಾತ್ರ ಸಾಲ್ಡರ್ ಹತ್ತದ ಉದ್ದುದ್ದ ಕಪ್ಪು ಕಲೆ. ಅದನ್ನು ಒಮ್ಮೆ, ನನ್ನ ಕೈಯನ್ನು ಒಮ್ಮೆ ನೋಡಿದರು.

“ದೊಡ್ಡ ಬರಹಗಾರರು ಅಂದ್ರಿ, ಇಲ್ಲಿ ಹೆಬ್ಬೆಟ್ಟು ಒತ್ತಿದೀರಲ್ಲ ಸಾರ್.”